ಕೊನೆಯ ಸೈಕಲ್ ಬಂದ ಮೇಲೆ ಹತ್ತು ನಿಮಿಷ

ಹೊರಡುವ ಹಿಂದಿನ ರಾತ್ರಿ

ಏಳು ವರ್ಷದಿಂದ ಭಾನುವಾರ ಬೆಳಗ್ಗೆ ಐದೂವರೆಗೆ ನಾನು ಸೈಕಲ್ ಹಿಡಿದು ಮನೆ ಬಿಡುತ್ತೇನೆ. ಹನ್ನೊಂದರ ಹೊತ್ತಿಗೆ ಮೈತುಂಬ ಮಣ್ಣು ಮೆತ್ತಿಕೊಂಡು ವಾಪಸ್ ಬರುತ್ತೇನೆ. ಇವರು ಬಾಗಿಲು ತೆಗೆದು, ಕಾಫಿ ಕೊಟ್ಟು, "ಇವತ್ತು ಎಷ್ಟು ದೂರ?" ಅಂತ ಕೇಳುತ್ತಾರೆ. ನಾನು ಕಿಲೋಮೀಟರ್ ಹೇಳುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಇವರೇ ಹೇಳಿದರು: "ಅಲ್ಲಿ ಅಂಥದ್ದು ಏನಿದೆ ಅಂತ ನಾನೂ ಒಂದ್ಸಲ ನೋಡಬೇಕು ಕಣೇ."

ಅವತ್ತು ನನಗೆ ಎಷ್ಟು ಖುಷಿಯಾಯಿತು ಅಂದರೆ, ಕಾಫಿ ಆರಿ ಹೋದದ್ದೂ ಗೊತ್ತಾಗಲಿಲ್ಲ.

ಇವರಿಗೆ 48 ವರ್ಷ. ಸೈಕಲ್ ಬರುತ್ತದೆ. ತಿಪಟೂರಿನಲ್ಲಿ ಹುಡುಗನಾಗಿದ್ದಾಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಗೊಂಡು, ಕಾಲು ಎಟುಕದೆ ಒಳಪೆಡಲು ಹೊಡೆದು ಕಲಿತವರು. ಆದರೆ ಕಾಲೇಜು ಮುಗಿದ ಮೇಲೆ ಮುಟ್ಟಿಲ್ಲ. ಗೇರ್ ಇರುವ ಸೈಕಲ್ ಅಂತೂ ಗೊತ್ತೇ ಇಲ್ಲ. ಎರಡು ತಿಂಗಳು ಬಡಾವಣೆಯ ರಸ್ತೆಯಲ್ಲಿ, ಆಮೇಲೆ ಕೆರೆ ಏರಿಯ ಮಣ್ಣುದಾರಿಯಲ್ಲಿ ಒಟ್ಟಿಗೆ ಓಡಾಡಿದೆವು. ಸಂಕ್ರಾಂತಿ ಆದ ಮೇಲಿನ ಶುಕ್ರವಾರದಿಂದ ಭಾನುವಾರದವರೆಗೆ ನಮ್ಮ ಮೌಂಟನ್ ಬೈಕ್ ಗುಂಪು ಸಕಲೇಶಪುರದ ಹಾನುಬಾಳು ಕಡೆ ಹೊರಟಿತ್ತು. ರೇಸ್ ಅಲ್ಲ. ಒಟ್ಟಿಗೆ ಹೋಗಿ, ಒಟ್ಟಿಗೆ ಉಂಡು ಬರುವ ಸೋಷಿಯಲ್ ರೈಡ್. ಜನವರಿಯಲ್ಲಿ ಮಳೆ ಇಲ್ಲ, ಇಂಬಳದ ಕಾಟ ಇಲ್ಲ, ದಾರಿ ಒಣಗಿರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೇ ಕಾಲ ಮಲೆನಾಡಿನಲ್ಲಿ ಸಿಗುವುದಿಲ್ಲ.

ಸೈಕಲ್ ಒಬ್ಬ ಗೆಳೆಯರದ್ದು. ಅವರು ಅಮೆರಿಕದಲ್ಲಿದ್ದಾಗ ಕೊಂಡು ತಂದದ್ದು. ಒಳ್ಳೇ ಗಾಡಿ. ಮುಂದೆ ಮಾತ್ರ ಸಸ್ಪೆನ್ಷನ್, 29 ಇಂಚಿನ ಚಕ್ರ, ಡಿಸ್ಕ್ ಬ್ರೇಕ್. ಗುರುವಾರ ರಾತ್ರಿ ಹಾಲ್‌ನಲ್ಲಿ ನಿಲ್ಲಿಸಿ ಸೀಟಿನ ಎತ್ತರ ಹೊಂದಿಸಿದೆ. ಪೆಡಲ್ ಕೆಳಗೆ ಇರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು, ಅದು ಲೆಕ್ಕ. ಗಾಳಿ ನೋಡಿದೆ. ಚೈನಿಗೆ ಎಣ್ಣೆ ಬಿಟ್ಟೆ. ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿದೆ. ಬ್ರೇಕ್ ಹಿಡಿಯುತ್ತದಾ ಅಂತ ಎರಡೂ ಲಿವರ್ ಒತ್ತಿದೆ. ಗಟ್ಟಿಯಾಗಿ ಹಿಡಿಯುತ್ತಿದ್ದವು. ಯಾವ ಕೈಗೆ ಯಾವ ಚಕ್ರ ಅಂತ ಮಾತ್ರ ನೋಡಲಿಲ್ಲ.

ಮೊದಲ ದಿನ, ಶುಕ್ರವಾರ

ಬೆಳಗ್ಗೆ ಐದಕ್ಕೆ ಕಾರಿನ ಹಿಂದಿನ ಕ್ಯಾರಿಯರ್‌ಗೆ ಎರಡು ಸೈಕಲ್ ಕಟ್ಟಿ ಹೊರಟೆವು. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್‌ನಲ್ಲಿ ಇಡ್ಲಿ, ಚನ್ನರಾಯಪಟ್ಟಣ, ಹಾಸನ. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಹಾಸನ ದಾಟಿದ ಮೇಲೆ ಗಾಳಿಯೇ ಬೇರೆ. ಕಿಟಕಿ ಇಳಿಸಿದರೆ ತಣ್ಣಗೆ ಕಿವಿಗೆ ಹೊಡೆಯುತ್ತದೆ.

ಗುಂಪಿನ ಉಳಿದವರು ಮಧ್ಯಾಹ್ನಕ್ಕೆ ಬರುವವರಿದ್ದರು. ಟೈಮ್ ಇತ್ತು ಅಂತ ನಾವಿಬ್ಬರೇ ಮಂಜರಾಬಾದ್ ಕೋಟೆಗೆ ಹೋಗಿ ಬಂದೆವು. 1792ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಮೆಟ್ಟಿಲು ಹತ್ತಿ ಗೋಡೆ ಮೇಲೆ ನಿಂತಾಗ ಪಶ್ಚಿಮದ ಕಡೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಕೊನೆಗೆ ಬರೀ ನೀಲಿ. "ನಾಳೆ ಇಂಥದ್ದರಲ್ಲೇ ಸೈಕಲ್ಲಾ?" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಾನುಬಾಳು ಕಡೆಯ ಹೋಂಸ್ಟೇ ತೋಟದ ನಡುವೆಯೇ ಇದೆ. ಅಂಗಳದ ಪಕ್ಕ ಕಾಫಿ ಕಣ. ಕೊಯ್ದ ಹಣ್ಣು ಹರಡಿದ್ದರು. ಕೆಂಪಿನಿಂದ ಕಂದು, ಕಂದಿನಿಂದ ಕಪ್ಪಿಗೆ ತಿರುಗುತ್ತಿತ್ತು. ಹುಳಿ ಬೆರೆತ ಸಿಹಿ ವಾಸನೆ. ಒಬ್ಬಾಕೆ ಮರದ ಹಲಗೆಯಲ್ಲಿ ಅದನ್ನು ಎಳೆಯುತ್ತಾ, ಸಾಲು ಮಾಡಿ, ಮತ್ತೆ ಮುರಿಯುತ್ತಿದ್ದರು. ಅರೇಬಿಕಾ ಹೆಚ್ಚುಕಡಿಮೆ ಮುಗಿದಿತ್ತು. ರೋಬಸ್ಟಾ ಕೊಯ್ಲು ಶುರುವಾಗಿತ್ತು. ಬೆಂಗಳೂರಿನಿಂದ ಬಂದ ನಾವು ಏಳು ಜನ, ಹಾಸನದ ಇಬ್ಬರು ಎಂಜಿನಿಯರಿಂಗ್ ಹುಡುಗರು, ಮತ್ತೆ ಈ ತೋಟದ ಗೌಡರು. ಅರವತ್ತು ದಾಟಿದ್ದಾರೆ. ಹಳೇ ಸೈಕಲ್ಲಿನಲ್ಲಿ ದಿನಾ ತೋಟ ಸುತ್ತುತ್ತಾರೆ.

ಸಂಜೆ ನಾಲ್ಕಕ್ಕೆ, ಕಾಲು ಸಡಿಲ ಆಗಲಿ ಅಂತ, ತೋಟದ ಒಳಗೇ 9 ಕಿಲೋಮೀಟರಿನ ಒಂದು ಸುತ್ತು ಇಟ್ಟುಕೊಂಡಿದ್ದೆವು. ಅಲ್ಲಿ ನಾನು ಮಾಡಿದ ತಪ್ಪನ್ನು ಬಿಡದೆ ಹೇಳಬೇಕು. ಮನೆಯವರನ್ನು ಮೊದಲ ಸಲ ಕರೆದುಕೊಂಡು ಹೋಗುವ ಎಲ್ಲರೂ ಇದನ್ನೇ ಮಾಡುವುದನ್ನು ನೋಡಿದ್ದೇನೆ.

ನಾನು ಇವರ ಹಿಂದೆಯೇ ಇದ್ದೆ. ಬಾಯಿ ಮುಚ್ಚಲೇ ಇಲ್ಲ. "ಗೇರ್ ಇಳಿಸಿ. ಈಗಲ್ಲ, ಏರು ಬರುವ ಮೊದಲೇ ಇಳಿಸಬೇಕು. ಮುಂದೆ ನೋಡಿ. ಮೊಣಕೈ ಬಗ್ಗಿಸಿ. ಭುಜ ಬಿಗಿ ಹಿಡೀಬೇಡಿ ರೀ." ಹೇಳಿದ್ದೆಲ್ಲ ಸರಿಯೇ. ಆದರೆ ಏರಿನಲ್ಲಿ ಉಸಿರು ಸಿಗದೆ ಇರುವ ಮನುಷ್ಯನ ಕಿವಿಗೆ ಒಂದೇ ಸಲ ಐದು ವಿಷಯ ಹೋದರೆ ಒಂದೂ ಕೈಗೆ ಇಳಿಯುವುದಿಲ್ಲ. ಇವರ ಕುತ್ತಿಗೆ ಇನ್ನೂ ಬಿಗಿಯಾಯಿತು. ತಿರುಗಿ ನೋಡದೆಯೇ, "ಒಂದ್ನಿಮಿಷ ಸುಮ್ನಿರು ಕಣೇ" ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ದನಿ ನನಗೆ ಚೆನ್ನಾಗಿ ಗೊತ್ತು. ಸುಮ್ಮನಾದೆ.

ಮುಂದೆ ಒಂದು ಇಳಿಜಾರು. ದೊಡ್ಡದೇನಲ್ಲ, ಒಂದು ಐವತ್ತು ಅಡಿ ಉದ್ದ. ಆದರೆ ಸಿಲ್ವರ್ ಓಕ್ ಮರಗಳ ಒಣ ಎಲೆ ದಾರಿ ತುಂಬ ಬಿದ್ದಿತ್ತು. ಆ ಎಲೆಯ ಕೆಳಗೆ ಉರುಳುವ ಜಲ್ಲಿ. ಮೇಲಿನಿಂದ ನೋಡಿದರೆ ಹಾಸಿಗೆ ಹಾಸಿದ ಹಾಗೆ ಕಾಣುತ್ತದೆ. ಇವರು ಸ್ಕೂಟರ್‌ನಲ್ಲಿ ಇಳಿಯುವ ಹಾಗೆ ಎಡಗೈ ಬ್ರೇಕನ್ನು ಧೈರ್ಯವಾಗಿ ಹಿಡಿದರು. ಹಿಂದಿನ ಚಕ್ರ ನಿಲ್ಲಬೇಕಿತ್ತು. ಮುಂದಿನದು ನಿಂತಿತು. ಚಕ್ರ ಎಲೆಯ ಮೇಲೆ ಪಕ್ಕಕ್ಕೆ ಜಾರಿತು. ಇವರು ಬಲಮೊಣಕೈ ಊರಿ ಬಿದ್ದರು.

ಸೈಕಲ್ ಬಿಸಾಕಿ ಓಡಿದೆ. ಮೊಣಕೈ ತರಚಿತ್ತು. ಅಂಗೈಯಲ್ಲಿ ಮಣ್ಣು ಕೂತಿತ್ತು. ತಲೆಗೆ ಏನೂ ಆಗಿರಲಿಲ್ಲ. ನಮ್ಮ ಗುಂಪಿನ ಡಾಕ್ಟರಮ್ಮ ಬಾಟಲಿ ನೀರನ್ನೇ ಸುರಿದು ತೊಳೆದು, ಮೊಣಕೈ ಮಡಿಸಿ ಬಿಡಿಸಿ ನೋಡಿ, ಬೆರಳು ಆಡಿಸಿ ಅಂತ ಹೇಳಿ, ಪಟ್ಟಿ ಕಟ್ಟಿದರು. ಮೂಳೆಗೆ ಏನೂ ಆಗಿಲ್ಲ ಅಂದಾಗಲೇ ನನ್ನ ಉಸಿರು ಕೆಳಗಿಳಿದದ್ದು.

ಗೌಡರು ಸೈಕಲ್ ಎತ್ತಿ ನಿಲ್ಲಿಸಿದರು. ಎಡ ಲಿವರ್ ಹಿಡಿದು ಮುಂದಕ್ಕೆ ತಳ್ಳಿದರು. ಮುಂದಿನ ಚಕ್ರ ನಿಂತು, ಹಿಂದಿನ ಚಕ್ರ ಮೇಲೆದ್ದಿತು. "ಅಮ್ಮಾ, ಇದು ಉಲ್ಟಾ ಇದೆಯಲ್ಲ" ಅಂದರು.

ನಮ್ಮ ಕಡೆ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈ ಹಿಂದಿನದಕ್ಕೆ. ಸ್ಕೂಟರ್‌ನಲ್ಲೂ ಬಲಗೈಯದ್ದು ಮುಂದಿನದು. ಅಮೆರಿಕದಲ್ಲಿ ಎಡಗೈ ಮುಂದಿನ ಚಕ್ರಕ್ಕೆ. ನನಗೆ ಇದು ಗೊತ್ತಿತ್ತು. ಸೈಕಲ್ ಎಲ್ಲಿಂದ ಬಂದದ್ದು ಅಂತಲೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸಲಿಲ್ಲ. ಬೇರೆಯವರ ಸೈಕಲ್ ಹೊಸಬರ ಕೈಗೆ ಕೊಡುವ ಮೊದಲು ಒಂದೊಂದೇ ಲಿವರ್ ಒತ್ತಿ, ಸೈಕಲ್ ತಳ್ಳಿ, ಯಾವ ಚಕ್ರ ನಿಲ್ಲುತ್ತದೆ ಅಂತ ನೋಡಿ. ಅರ್ಧ ನಿಮಿಷದ ಕೆಲಸ. ದಯವಿಟ್ಟು ನೋಡಿ.

ಆ ಲಿವರ್‌ಗಳು ಎಡ ಬಲ ಎರಡೂ ಕಡೆಗೆ ಹೊಂದುವಂಥವು. ರಾತ್ರಿ ಊಟಕ್ಕೆ ಮೊದಲು ಹಾಸನದ ಹುಡುಗರು ಅಲೆನ್ ಕೀ ಹಿಡಿದು ಕೂತು, ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿಕೊಟ್ಟರು. ಕೇಬಲ್ ಸ್ವಲ್ಪ ಸೊಟ್ಟ ಬಂತು, ಅಷ್ಟೆ. ಇವರು ಪಕ್ಕದಲ್ಲಿ ಕೂತು ಎಲ್ಲ ನೋಡಿದರು. ನನ್ನ ಜೊತೆ ಜಾಸ್ತಿ ಮಾತಿರಲಿಲ್ಲ.

ಊಟಕ್ಕೆ ಕಡುಬು, ಕೋಳಿ ಸಾರು, ನಮಗೆ ಅವರೆಕಾಳು ಸಾರು. ಕೈ ತೊಳೆಯುವಾಗ ಡಾಕ್ಟರಮ್ಮ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು. "ನಾಳೆ ನೀನು ಮುಂದೆ ಹೋಗು. ಅವರನ್ನ ಗೌಡರ ಜೊತೆ ಬಿಡು. ಗಂಡನಿಗೆ ಕಾರ್ ಕಲಿಸೋಕೆ ಹೋಗಿ ನಾನು ಎರಡು ದಿನ ಮಾತು ಬಿಟ್ಟಿದ್ದೆ."

ಎರಡನೇ ದಿನ, ಶನಿವಾರ

ಬೆಳಗ್ಗೆ ಎದ್ದು ನೋಡಿದರೆ ಇವರು ಆಗಲೇ ಅಂಗಳದಲ್ಲಿದ್ದರು. ಮೊಣಕೈಗೆ ಪಟ್ಟಿ, ತಲೆಗೆ ಹೆಲ್ಮೆಟ್. ಗೌಡರ ಎದುರು ಸೈಕಲ್ ಮೇಲೆ ಸುತ್ತು ಹಾಕುತ್ತಿದ್ದರು. ಬರಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಕಿಟಕಿಯಲ್ಲೇ ನಿಂತೆ. ಹೊರಗೆ ಹೋಗಲಿಲ್ಲ.

ಗೌಡರು ಒಂದು ಸಲಕ್ಕೆ ಒಂದೇ ವಿಷಯ ಹೇಳುತ್ತಿದ್ದರು. ಕಣದ ತುದಿಯಲ್ಲಿ ಒಂದು ಇಟ್ಟಿಗೆ ಇಟ್ಟು, "ಇಲ್ಲಿ ನಿಲ್ಲಿಸಿ" ಅಂದರು. ಒಂದೇ ಬೆರಳಲ್ಲಿ ಎರಡೂ ಬ್ರೇಕ್. ಹಿಂಡಬಾರದು, ಒತ್ತುತ್ತಾ ಹೋಗಬೇಕು. ಮೊದಲ ಸಲ ಇಟ್ಟಿಗೆ ದಾಟಿ ಹೋದರು. ಎರಡನೇ ಸಲ ಎಂಟು ಅಡಿ ಮೊದಲೇ ನಿಂತರು. ಹತ್ತು ಸಲ ಮಾಡಿಸಿದರು. ಹತ್ತನೇ ಸಲ ಚಕ್ರ ಇಟ್ಟಿಗೆಗೆ ತಾಗಿ ನಿಂತಿತು. ಆಮೇಲೆ ಎರಡನೇ ಪಾಠ. ಇಳಿಜಾರಿನಲ್ಲಿ ಕೂರಬೇಡಿ. ಎರಡು ಪೆಡಲ್ ಸಮಕ್ಕೆ ಇಟ್ಟು ನಿಂತುಕೊಳ್ಳಿ, ಮೊಣಕಾಲು ಸ್ವಲ್ಪ ಬಗ್ಗಿರಲಿ. "ಕುದುರೆ ಮೇಲೆ ನಿಂತ ಹಾಗೆ ಅಂದ್ಕೊಳ್ಳಿ ಸಾರ್. ಅದು ಕುಣಿಯಲಿ, ನೀವು ಕುಣೀಬೇಡಿ." ಅಷ್ಟೇ. ಗೇರ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದು ಹೊರಡುವಾಗ ಎಂಟೂವರೆ. ಅದಕ್ಕಿಂತ ಬೇಗ ಇಲ್ಲಿ ಹೊರಡುವುದಿಲ್ಲ, ಆನೆ. ಸಕಲೇಶಪುರ, ಆಲೂರು ಕಡೆ ತೋಟಗಳಲ್ಲಿ ಆನೆ ಓಡಾಟ ದಿನನಿತ್ಯದ ಮಾತು. ಯಾವ ಆನೆ ಗುಂಪು ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮಾಹಿತಿ ಬರುತ್ತದೆ. ಕೊಯ್ಲಿಗೆ ಹೋಗುವವರು ಅದನ್ನು ನೋಡಿಯೇ ಹೆಜ್ಜೆ ಇಡುತ್ತಾರೆ. ಗೌಡರು ನಾಲ್ಕು ಕಡೆ ಫೋನ್ ಮಾಡಿ, ಬೆಟ್ಟದ ಭೈರವೇಶ್ವರನ ಗುಡಿ ಕಡೆ ಇವತ್ತು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ದಾರಿ ಗೊತ್ತಾದದ್ದು. ಹೋಗಿ ಬರಲು 24 ಕಿಲೋಮೀಟರ್. ಅರ್ಧ ತೋಟದ ದಾರಿ, ಅರ್ಧ ಊರಿನ ರಸ್ತೆ.

ಎಲ್ಲರಿಗಿಂತ ಮುಂದೆ ದಾರಿ ಗೊತ್ತಿರುವ ಒಬ್ಬರು, ಕೊನೆಯಲ್ಲಿ ಪಂಪು, ಟ್ಯೂಬು ಇಟ್ಟುಕೊಂಡ ಇನ್ನೊಬ್ಬರು. ದಾರಿ ಎರಡಾಗುವ ಕಡೆಯಲ್ಲೆಲ್ಲ ಮುಂದಿನವರು ನಿಂತು ಕಾಯಬೇಕು. ನಮ್ಮ ಗುಂಪಿನ ಪದ್ಧತಿ ಇದು. ಯಾರನ್ನೂ ಬಿಟ್ಟು ಹೋಗುವುದಿಲ್ಲ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ನಾನು ಮುಂದಿನವರ ಜೊತೆ ಹೋದೆ. ಹಿಂದೆ ತಿರುಗಿ ನೋಡಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಮೊದಲ ಕವಲು ಬಂತು. ನಿಂತೆವು. ನೀರು ಕುಡಿದೆವು, ಫೋಟೋ ತೆಗೆದೆವು, ಒಬ್ಬರು ಶೂ ಬಿಚ್ಚಿ ಕಲ್ಲು ತೆಗೆದರು. ಹದಿನೈದು ನಿಮಿಷ ಆಗಿರಬೇಕು. ಆಗ ಏರಿನ ತುದಿಯಲ್ಲಿ ಇವರ ನೀಲಿ ಹೆಲ್ಮೆಟ್ ಕಾಣಿಸಿತು. ಮುಖ ಕೆಂಪಾಗಿತ್ತು, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಬಂದು ಒಂದು ಕಾಲು ನೆಲಕ್ಕೆ ಇಟ್ಟರು. ಬಾಟಲಿಗೆ ಕೈ ಹಾಕಿದರು. ಅಷ್ಟರಲ್ಲಿ ಯಾರೋ, "ಎಲ್ಲ ಬಂದ್ರಲ್ಲ, ಹೊರಡೋಣ್ವಾ?" ಅಂದರು. ಒಬ್ಬೊಬ್ಬರೇ ಪೆಡಲ್ ತುಳಿದರು. ನಾನೂ ತುಳಿದೆ.

ಇಪ್ಪತ್ತು ಗಜ ಹೋದ ಮೇಲೆ ನನಗೆ ಹೊಳೆಯಿತು. ನಾವೆಲ್ಲ ಹದಿನೈದು ನಿಮಿಷ ಕೂತಿದ್ದೆವು. ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಅರ್ಧ ನಿಮಿಷವೂ ಸಿಗಲಿಲ್ಲ. ಮುಂದಿನ ಕವಲಿನಲ್ಲೂ ಹೀಗೇ ಆಗುತ್ತದೆ. ಅದರ ಮುಂದಿನದರಲ್ಲೂ. ಗಟ್ಟಿ ಇರುವವರು ದಿನವಿಡೀ ವಿಶ್ರಾಂತಿ ತೆಗೆದುಕೊಂಡು ತುಳಿಯುತ್ತಾರೆ. ಹೊಸಬರು ಒಂದೇ ಉಸಿರಿಗೆ ತುಳಿಯುತ್ತಾರೆ. ಸಂಜೆ ಅವರಿಗೆ, ಇದು ನನ್ನ ಕೈಲಾಗದ ಕೆಲಸ ಅನ್ನಿಸುತ್ತದೆ.

ಏಳು ವರ್ಷ. ಎಷ್ಟು ಜನ ಹೊಸಬರು ಒಂದೇ ಸಲ ಬಂದು ಮತ್ತೆ ಬರಲೇ ಇಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. ಅವರ ಮುಖಗಳು ಆ ಏರಿನಲ್ಲಿ ಒಂದೊಂದಾಗಿ ನೆನಪಾದವು. ಒಬ್ಬ ಹುಡುಗಿ ಇದ್ದಳು, ಹಸಿರು ಬ್ಯಾಗಿನವಳು. ನಂದಿ ಬೆಟ್ಟದ ತಪ್ಪಲಿನ ದಾರಿಯಲ್ಲಿ ಹೀಗೇ ಬಂದು ನಿಂತು, ಹೀಗೇ ಬಾಟಲಿಗೆ ಕೈ ಹಾಕಿದ್ದಳು. ಅವತ್ತೂ ಮೊದಲು ಹೊರಟವಳು ನಾನೇ.

ಸೈಕಲ್ ತಿರುಗಿಸಿ ವಾಪಸ್ ಹೋದೆ. ಇವರು ಇನ್ನೂ ಅಲ್ಲೇ ನಿಂತು ನೀರು ಕುಡಿಯುತ್ತಿದ್ದರು. "ಯಾಕೆ ಬಂದೆ? ಹೋಗು, ನಾನು ಬರ್ತೀನಿ" ಅಂದರು. ಗೌಡರು ನನ್ನ ಮುಖ ನೋಡಿದರು. ಏನು ಅರ್ಥ ಆಯಿತೋ, ಜೇಬಿನಿಂದ ಸೀಟಿ ತೆಗೆದು ಜೋರಾಗಿ ಊದಿದರು. ಹೋದವರೆಲ್ಲ ನಿಂತರು. "ಎಲ್ಲ ವಾಪಸ್ ಬನ್ನಿ. ಕೊನೆಗೆ ಬಂದವರು ನೀರು ಕುಡಿದ ಮೇಲೆ ಹತ್ತು ನಿಮಿಷ. ಗಡಿಯಾರ ಅಲ್ಲಿಂದ ಶುರು. ನನ್ನ ತೋಟದಲ್ಲಿ ಇದೇ ರೂಲ್."

ಬಂದು ಕೂತರು. ಯಾರ ಮುಖದಲ್ಲೂ ಬೇಸರ ಇರಲಿಲ್ಲ, ಅದನ್ನು ಹೇಳಲೇಬೇಕು. ನಾವು ಯಾರೂ ಯೋಚಿಸಿರಲಿಲ್ಲ, ಅಷ್ಟೆ. ನಾನು ಎಳ್ಳು ಬೆಲ್ಲದ ಡಬ್ಬಿ ತೆಗೆದೆ. ಸಂಕ್ರಾಂತಿಗೆ ಮಾಡಿ ಉಳಿದದ್ದು. ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ, ಕೊಬ್ಬರಿ. ಸೈಕಲ್ ತುಳಿಯುವವರಿಗೆ ಅಂತ ಅಂಗಡಿಯಲ್ಲಿ ಮಾರುವ ದುಬಾರಿ ಬಾರ್‌ಗಳಿಗಿಂತ ನನಗೆ ಇದೇ ಹಿಡಿಸುತ್ತದೆ. ಬಿಸಿಲಿಗೆ ಕರಗುವುದಿಲ್ಲ, ಹೊಟ್ಟೆಗೆ ಭಾರ ಆಗುವುದಿಲ್ಲ. ಇವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಸಿಲ್ವರ್ ಓಕ್ ಮರಕ್ಕೆ ಒರಗಿದರು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಗೊಂಚಲು ಗೊಂಚಲು ಕಾಳು. ಒಂದನ್ನು ಕಿತ್ತು ಜಗಿದು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಬೆಲ್ಲಕ್ಕೆ ಕೈ ಚಾಚಿದರು.

ಆಮೇಲೆ ದಿನ ಬೇರೆಯೇ ಆಯಿತು. ಏರಿನಲ್ಲಿ ಗೇರ್ ತಾನಾಗಿ ಕೈಗೆ ಬಂತಂತೆ. ರಾತ್ರಿ ಅದನ್ನು ವಿವರಿಸುವಾಗ ಇವರ ಕಣ್ಣು ಹೊಳೆಯುತ್ತಿತ್ತು. ಆ ಸೈಕಲ್ಲಿನ ಹಿಂದಿನ ಚಕ್ರಕ್ಕೆ 12 ಹಲ್ಲುಗಾಲಿ. ಚಿಕ್ಕದರಲ್ಲಿ 11 ಹಲ್ಲು, ದೊಡ್ಡದರಲ್ಲಿ 50. ಮುಂದೆ ಒಂದೇ, 30 ಹಲ್ಲಿನದು. ದೊಡ್ಡ ಗಾಲಿಗೆ ಚೈನ್ ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಒಂದೂವರೆ ಮೀಟರ್ ಕೂಡ ಮುಂದೆ ಹೋಗುವುದಿಲ್ಲ. ತಿಪಟೂರಿನ ಬಾಡಿಗೆ ಸೈಕಲ್ಲು ಅದೇ ಒಂದು ಸುತ್ತಿಗೆ 5 ಮೀಟರಿಗೂ ಜಾಸ್ತಿ ಹೋಗುತ್ತಿತ್ತು. ಅದಕ್ಕೇ ಅಲ್ಲಿ ಏರು ಬಂದರೆ ಇಳಿದು ತಳ್ಳಬೇಕಿತ್ತು. "ಇದರಲ್ಲಿ ನಡೆಯೋದಕ್ಕಿಂತ ನಿಧಾನ ಹೋದ್ರೂ ಹತ್ತುತ್ತೆ. ನಿಧಾನ ಹೋದ್ರೆ ತಪ್ಪಲ್ಲ ಅಂತ ಗೊತ್ತಾಗೋಕೆ ನಂಗೆ ಇಷ್ಟು ಹೊತ್ತು ಬೇಕಾಯ್ತು" ಅಂದರು.

ಭೈರವೇಶ್ವರನ ಗುಡಿ ಮೇಕನಗದ್ದೆಯ ಹತ್ತಿರ, ಬೆಟ್ಟದ ಮೇಲೆ. ಕಲ್ಲಿನ ಹಳೇ ಗುಡಿ. ಕೊನೆಯ ಏರು ಕಡಿದಾಗಿದೆ. ಇವರು ಅಲ್ಲಿ ಇಳಿದು ತಳ್ಳಿದರು. ಡಾಕ್ಟರಮ್ಮನೂ ಇಳಿದರು. ಅವರು ಬೇಕಂತಲೇ ಇಳಿದರು ಅಂತ ನನಗೆ ಅನ್ನಿಸಿತು. ಮೇಲೆ ಹೋದಾಗ ಮರಗಳೆಲ್ಲ ಹಿಂದೆ ಉಳಿದು, ಬರೀ ಹುಲ್ಲಿನ ಗುಡ್ಡಗಳು. ಜನವರಿಯ ಹುಲ್ಲು ಚಿನ್ನದ ಬಣ್ಣ. ಕಣಿವೆಯ ಮಡಿಲಲ್ಲಿ ಮಾತ್ರ ಕಪ್ಪು ಹಸಿರು ಶೋಲಾ ಕಾಡು. ಎದುರಿಗೆ ಪಾಂಡವರ ಗುಡ್ಡ.

ಹಾಸನದ ಹುಡುಗರಲ್ಲಿ ಒಬ್ಬನಿಗೆ ಆ ಹುಲ್ಲಿನ ಇಳಿಜಾರಿನಲ್ಲಿ ಸೈಕಲ್ ಬಿಡಬೇಕು ಅಂತ ಆಸೆ. ಗೌಡರು ಬೇಡ ಅಂದರು. ಟೈರು ಹುಲ್ಲಿನ ಬೇರು ಕೀಳುತ್ತದೆ. ಮೊದಲ ಮಳೆಗೆ ಆ ಗೆರೆಯಲ್ಲೇ ನೀರು ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ನಾಲ್ಕು ಮಳೆಗಾಲಕ್ಕೆ ಅದು ಕೊರಕಲು. ಹುಡುಗ ಸೈಕಲ್ಲನ್ನು ಗುಡಿಯ ಕಟ್ಟೆಗೆ ಒರಗಿಸಿ, ನಮ್ಮ ಜೊತೆ ನಡೆದೇ ಬಂದ. ಮೌಂಟನ್ ಬೈಕ್ ಅಂದರೆ ಎಲ್ಲೆಂದರಲ್ಲಿ ನುಗ್ಗುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇರುವ ದಾರಿಯಲ್ಲಿ ಹೋಗಬೇಕು, ಹೋದದ್ದು ಗೊತ್ತಾಗದ ಹಾಗೆ ಬರಬೇಕು.

ಗುಡಿಯ ಹಿಂದೆ ಬಂಡೆ ಮೇಲೆ ಇವರೂ ನಾನೂ ಕೂತೆವು. ಬಹಳ ಹೊತ್ತು ಕೂತೆವು. ಗಾಳಿ ಹುಲ್ಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಚುತ್ತಿತ್ತು. "ಇದನ್ನ ನೋಡ್ಕೊಂಡು ಬಂದು ನೀನು ಬರೀ ಕಿಲೋಮೀಟರ್ ಹೇಳ್ತಿದ್ದೆಯಲ್ಲ" ಅಂದರು. ನನಗೆ ಗಂಟಲು ಕಟ್ಟಿತು. ಹೌದು, ನಾನು ಹೇಳಿಯೇ ಇರಲಿಲ್ಲ. ಭಾನುವಾರ ನಾನು ಹೋಗುವ ಅವಲಹಳ್ಳಿಯ ನೀಲಗಿರಿ ತೋಪಿನಲ್ಲಿ ಬೆಳಗಿನ ಮಂಜು ಹೇಗಿರುತ್ತದೆ ಅಂತ ಒಂದು ದಿನವೂ ಹೇಳಿರಲಿಲ್ಲ.

ವಾಪಸ್ ಬರುವಾಗ ನಿನ್ನೆ ಬಿದ್ದಂಥದ್ದೇ ಇಳಿಜಾರು ಸಿಕ್ಕಿತು, ಅದಕ್ಕಿಂತ ಉದ್ದ. ಅದೇ ಒಣ ಎಲೆ. ನಾನು ಕೆಳಗೆ, ತಿರುವಿನಲ್ಲಿ ನಿಂತು ಕಾಯುತ್ತಿದ್ದೆ. ಮೊದಲು ಎಲೆಯ ಸದ್ದು ಕೇಳಿಸಿತು. ಆಮೇಲೆ ಇವರು ಕಂಡರು. ಎದ್ದು ನಿಂತಿದ್ದರು. ಪೆಡಲ್ ಎರಡೂ ಸಮಕ್ಕೆ. ಎರಡೂ ಕೈಯಲ್ಲಿ ಒಂದೊಂದು ಬೆರಳು ಲಿವರ್ ಮೇಲೆ, ಆ ಬೆರಳು ಒತ್ತುವುದು ಬಿಡುವುದು ನನಗೆ ಕಾಣುತ್ತಿತ್ತು. ಹಿಂದಿನ ಚಕ್ರ ಒಂದು ಕಡೆ ಸ್ವಲ್ಪ ಜಾರಿತು. ಬಿಗಿಯಾಗಲಿಲ್ಲ, ಜಾರಲು ಬಿಟ್ಟರು, ಅದು ತಾನೇ ಸರಿ ಹೋಯಿತು. ಕಣ್ಣು ಚಕ್ರದ ಮುಂದೆ ಇರಲಿಲ್ಲ, ದೂರದ ತಿರುವಿನ ಮೇಲೆ, ಅಂದರೆ ನನ್ನ ಮೇಲೆ ಇತ್ತು. ನನ್ನನ್ನು ದಾಟಿ ಹೋದರು. ಒಂದು ಮಾತೂ ಆಡಲಿಲ್ಲ. ನಾನೂ ಏನೂ ಹೇಳಲಿಲ್ಲ.

ಮೂರನೇ ದಿನ, ಭಾನುವಾರ

ಹೊಳೆಯವರೆಗೆ ಹೋಗಬೇಕು ಅಂತಿದ್ದೆವು. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟಿ ಈ ಕಡೆ ಹರಿದು ಬರುತ್ತಾಳೆ. ಚಿಕ್ಕ ಹೊಳೆಯಾಗಿರುವಾಗ ಅವಳನ್ನು ನೋಡಬೇಕು ಅಂತ ಇವರಿಗೆ ಆಸೆ ಇತ್ತು. ಬೆಳಗ್ಗೆ ಏಳಕ್ಕೆ ಫೋನ್ ಬಂತು. ಆ ದಾರಿಯ ಪಕ್ಕದ ತೋಟದಲ್ಲಿ ಆನೆ ನಿಂತಿವೆ, ಮರಿಯೂ ಇದೆ. ಅಲ್ಲಿಗೆ ಆ ಮಾತು ಮುಗಿಯಿತು. ಕೊಯ್ಲಿನವರೂ ಲೈನ್ ಮನೆಗಳಲ್ಲೇ ಉಳಿದರು. ಅವರಿಗೆ ಅದು ಒಂದು ದಿನದ ಕೂಲಿ. ನಮ್ಮ ದಾರಿ ಬದಲಾದದ್ದು ಅದರ ಮುಂದೆ ಏನೂ ಅಲ್ಲ.

ಒಂಬತ್ತೂವರೆಗೆ ಬೇರೆ ದಿಕ್ಕಿನಲ್ಲಿ, ಊರುಗಳ ನಡುವಿನ ಮಣ್ಣುದಾರಿಯಲ್ಲಿ 14 ಕಿಲೋಮೀಟರಿಗೆ ಹೊರಟೆವು. ಗದ್ದೆ ಬಯಲು, ಸಣ್ಣ ಸೇತುವೆ, ಶಾಲೆ, ಮತ್ತೆ ತೋಟ. ಹೆಚ್ಚು ಏರಿಲ್ಲ. ಇವರು ಹಾಸನದ ಹುಡುಗರ ಜೊತೆ ಮಾತಾಡುತ್ತಾ ನಡುವೆ ಎಲ್ಲೋ ಇದ್ದರು. ನಾನು ಕೊನೆಯಲ್ಲಿ ಉಳಿಯುತ್ತೇನೆ ಅಂತ ಹೇಳಿದ್ದೆ. ಏಳು ವರ್ಷದಲ್ಲಿ ಆ ಜಾಗದಲ್ಲಿ ನಾನು ಯಾವತ್ತೂ ತುಳಿದಿರಲಿಲ್ಲ.

ಎಂಟನೇ ಕಿಲೋಮೀಟರಿನಲ್ಲಿ ನನ್ನ ಹಿಂದಿನ ಟೈರಿನ ಪಕ್ಕ ಚೂಪು ಕಲ್ಲಿಗೆ ಸೀಳಿತು. ಟ್ಯೂಬ್ ಇಲ್ಲದ ಟೈರು. ಒಳಗಿನ ಬಿಳಿ ದ್ರಾವಣ ಹಾಲಿನ ಹಾಗೆ ಚಿಮ್ಮಿ ಕಾಲಿನ ಮೇಲೆಲ್ಲ ಬಿತ್ತು. ಮುಳ್ಳಿನ ತೂತಾದರೆ ಅದೇ ಮುಚ್ಚಿಕೊಳ್ಳುತ್ತದೆ. ಇದು ಬೆರಳಗಲ ಸೀಳು, ನಿಲ್ಲಲಿಲ್ಲ. ಮುಂದಿನವರು ತಿರುವು ದಾಟಿ ಹೋಗಿದ್ದರು. ಡಾಕ್ಟರಮ್ಮ ಒಬ್ಬರೇ ನನ್ನ ಜೊತೆ ಉಳಿದರು. ಚಕ್ರ ಬಿಚ್ಚಿ, ಟೈರು ಕಳಚಿ, ಸೀಳಿದ ಕಡೆ ಒಳಗಿನಿಂದ ಮಡಿಸಿದ ಹತ್ತು ರೂಪಾಯಿ ನೋಟು ಇಟ್ಟು, ಟ್ಯೂಬ್ ಹಾಕಿ, ಕೈಪಂಪಿನಲ್ಲಿ ಗಾಳಿ ತುಂಬಿದೆ. ನೋಟು ಇಡದಿದ್ದರೆ ಟ್ಯೂಬು ಸೀಳಿನಿಂದ ಉಬ್ಬಿ ಹೊರಗೆ ಬಂದು ಒಡೆಯುತ್ತದೆ. ಬಿಸಿಲು ಏರಿತ್ತು. ಪಂಪು ಹೊಡೆದು ಹೊಡೆದು ತೋಳು ಸೋತಿತು. ಮತ್ತೆ ಹೊರಟಾಗ ಅರ್ಧ ಗಂಟೆ ಆಗಿತ್ತು. ಗುಂಪು ಕಾಯುತ್ತಿದೆ ಅನ್ನುವ ಅವಸರದಲ್ಲಿ ಉಳಿದ ಏರನ್ನು ಜೋರಾಗಿ ತುಳಿದೆ. ನೀರು ಕುಡಿಯಲೂ ನಿಲ್ಲಲಿಲ್ಲ.

ಕವಲಿನಲ್ಲಿ ಹಲಸಿನ ಮರದ ಕೆಳಗೆ ಎಲ್ಲರೂ ಕೂತಿದ್ದರು. ನಾನು ಬಂದು ಕಾಲು ಊರಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅಭ್ಯಾಸದಂತೆ ಹುಡುಗರಲ್ಲಿ ಒಬ್ಬ ಹೆಲ್ಮೆಟ್ಟಿಗೆ ಕೈ ಹಾಕಿ ಅರ್ಧ ಎದ್ದ. ಇವರು ಅವನ ಭುಜದ ಮೇಲೆ ಕೈ ಇಟ್ಟು ಕೂರಿಸಿದರು. ಆಮೇಲೆ ಬಾಟಲಿ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು.

"ನಿಧಾನಕ್ಕೆ ಕುಡಿ. ಇನ್ನೂ ಹತ್ತು ನಿಮಿಷ ಇದೆ."

ಸೈಕಲ್ ನನ್ನ ಕೈಯಿಂದ ತಗೊಂಡು ಮರಕ್ಕೆ ಒರಗಿಸಿದರು. ಹಿಂದಿನ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಗಾಳಿ ಸ್ವಲ್ಪ ಕಮ್ಮಿ ಆಯ್ತು, ಅಲ್ವಾ?" ಅಂದರು. ಹೌದು ಅಂದೆ. ಇವರೇ ಪಂಪು ತೆಗೆದು ಕೂತರು.